ಮಳೆಗಾಲಕ್ಕೆ ನಿಧಾನವಾಗುವ ಸ್ಟೆಂಟರ್: ಹಾಸನದ ಒಂದು ಪ್ರಕರಣ ಅಧ್ಯಯನ

ಸ್ಟೆಂಟರ್ ಎಂದರೆ ಒದ್ದೆ ಬಟ್ಟೆಯನ್ನು ಅಗಲಕ್ಕೆ ಹಿಡಿದು ಬಿಸಿ ಗಾಳಿಯ ಚೇಂಬರುಗಳ ಮೂಲಕ ಓಡಿಸಿ ಒಣಗಿಸುವ ಯಂತ್ರ. ಜನವರಿಯಲ್ಲಿ ನಿಮಿಷಕ್ಕೆ 46 ಮೀಟರ್ ಓಡುತ್ತಿದ್ದ ಸ್ಟೆಂಟರ್ ಪುನರ್ವಸು ಮಳೆ ಹಿಡಿಯುವ ಹೊತ್ತಿಗೆ 40ಕ್ಕೆ ಇಳಿಯುತ್ತದೆ. ಆಪರೇಟರ್‌ನನ್ನು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಮಳೆಗಾಲ ಅಲ್ವಾ ಸರ್, ಗಾಳೀನೇ ಥಂಡಿ. ಬಟ್ಟೆ ಎಲ್ಲಿ ಒಣಗುತ್ತೆ?" ಅಂಗಳದ ಹಗ್ಗದ ಮೇಲೆ ಹರವಿದ ಬಟ್ಟೆಗೆ ಈ ಮಾತು ಪೂರ್ತಿ ಸರಿ. 140 ಡಿಗ್ರಿಯ ಚೇಂಬರಿನೊಳಗೆ ಓಡುವ ಬಟ್ಟೆಗೂ ಅದು ಸರಿಯೇ? ಈ ಅಧ್ಯಯನ ಶುರುವಾಗುವುದು ಈ ಪ್ರಶ್ನೆಯಿಂದ.

ಇಲ್ಲಿ ತೆಗೆದುಕೊಂಡದ್ದು ಹಾಸನದ ಕೈಗಾರಿಕಾ ಪ್ರದೇಶದಲ್ಲಿರಬಹುದಾದ ಮಧ್ಯಮ ಗಾತ್ರದ ಒಂದು ಮಾದರಿ ಘಟಕ. ಅದರ ಅಳತೆಗಳು ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಕಾಣುವ ವ್ಯಾಪ್ತಿಯವು, ಲೆಕ್ಕಗಳು ಹಾಸನದ ಎತ್ತರಕ್ಕೆ ಮತ್ತು ಗಾಳಿಗೆ ಹೊಂದಿಸಿ ಮಾಡಿದವು. ಯಂತ್ರ ಐದು ಚೇಂಬರಿನದು. ಒಂದೊಂದು ಚೇಂಬರ್ 3 ಮೀಟರ್, ಒಟ್ಟು 15 ಮೀಟರ್. ಶಾಖ ಬರುವುದು ಎಣ್ಣೆ ಕಾಯಿಸಿ ಯಂತ್ರಕ್ಕೆ ಹರಿಸುವ ಥರ್ಮಿಕ್ ಫ್ಲೂಯಿಡ್ ಹೀಟರಿನಿಂದ, ಉರುವಲು ಕಾಫಿ ಹೊಟ್ಟನ್ನು ಒತ್ತಿ ಮಾಡಿದ ಗಟ್ಟಿ ತುಂಡು, ಅಂದರೆ ಬ್ರಿಕೆಟ್. ಬಟ್ಟೆ ನೂರಕ್ಕೆ ನೂರು ಹತ್ತಿ, ನೇಯ್ಗೆಯದು, 1.6 ಮೀಟರ್ ಅಗಲ, ಪೂರ್ತಿ ಒಣಗಿದಾಗ ಚದರ ಮೀಟರಿಗೆ 140 ಗ್ರಾಂ. ಡೈಯಿಂಗ್ ಮುಗಿಸಿ ಸಿಲಿಂಡರ್ ಮೇಲೆ ಒಣಗಿ ಬಂದ ಬಟ್ಟೆ ಪ್ಯಾಡರಿನಲ್ಲಿ, ಅಂದರೆ ತೊಟ್ಟಿ ಮತ್ತು ಹಿಂಡುವ ರೋಲರುಗಳ ಜೋಡಣೆಯಲ್ಲಿ, ಬಟ್ಟೆ ಮೆದುವಾಗಿಸುವ ಸಾಫ್ಟ್‌ನರ್ ನೀರಿಗೆ ಅದ್ದಿ, ಹಿಂಡಿಸಿಕೊಂಡು, ಎರಡೂ ಅಂಚನ್ನು ಹಿಡಿಯುವ ಚೈನಿನ ಪಿನ್ನಿಗೆ ಸಿಕ್ಕಿ ಚೇಂಬರಿಗೆ ಹೋಗುತ್ತದೆ.

ಗಾಳಿಯ ತೇವ ಎಷ್ಟರ ಮಟ್ಟಿಗೆ ಹೊಣೆ

ಹಾಸನದಲ್ಲಿ ಜನವರಿಯ ಮಧ್ಯಾಹ್ನ 28 ಡಿಗ್ರಿ, 35 ಶೇಕಡಾ ಆರ್ದ್ರತೆ ಇದ್ದರೆ ಒಂದು ಕೆಜಿ ಒಣಗಾಳಿಯ ಜತೆ ಸುಮಾರು 9 ಗ್ರಾಂ ನೀರಾವಿ ಇರುತ್ತದೆ. ಜುಲೈಯಲ್ಲಿ 24 ಡಿಗ್ರಿ, 90 ಶೇಕಡಾ ಎಂದಿಟ್ಟುಕೊಂಡರೆ 19 ಗ್ರಾಂ. ಎರಡರ ನಡುವೆ 10 ಗ್ರಾಂ ವ್ಯತ್ಯಾಸ. ಚೇಂಬರಿನೊಳಗಿನ ಗಾಳಿಯಲ್ಲಿ ಬಟ್ಟೆಯಿಂದ ಹೊರಟ ಆವಿ ಹೇಗೂ ತುಂಬಿರುತ್ತದೆ. ಈ ಯಂತ್ರದಲ್ಲಿ ಅದು ಜನವರಿಯಲ್ಲಿ ಕೆಜಿಗೆ 40 ಗ್ರಾಂ, ಜುಲೈಯಲ್ಲಿ 50 ಗ್ರಾಂ.

ಒದ್ದೆ ಬಟ್ಟೆ ಚೇಂಬರಿನೊಳಗೆ ಹೋದ ಕೂಡಲೇ 140 ಡಿಗ್ರಿಗೆ ಏರುವುದಿಲ್ಲ. ಮೈಮೇಲೆ ನೀರಿರುವವರೆಗೆ ಅದು ಗಾಳಿಯ ತೇವಬಲ್ಬ್ ತಾಪಮಾನದ, ಅಂದರೆ ಆ ಗಾಳಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪದ, ಹತ್ತಿರವೇ ನಿಲ್ಲುತ್ತದೆ. ಗಾಳಿಗೂ ಬಟ್ಟೆಗೂ ನಡುವಿನ ತಾಪದ ಅಂತರವೇ ಒಣಗಿಸುವ ಬಲ. ಹಾಸನದ ಗಾಳಿಯ ಒತ್ತಡದಲ್ಲಿ 140 ಡಿಗ್ರಿ ಗಾಳಿಗೆ 40 ಗ್ರಾಂ ಆವಿಯಿದ್ದರೆ ತೇವಬಲ್ಬ್ 47 ಡಿಗ್ರಿ, 50 ಗ್ರಾಂ ಇದ್ದರೆ 49. ಅಂತರ 93ರಿಂದ 91ಕ್ಕೆ ಇಳಿಯಿತು, ಅಂದರೆ ಶೇಕಡಾ 2. ವೇಗ ಇಳಿದದ್ದು ಶೇಕಡಾ 13. ಉಳಿದ 11ಕ್ಕೆ ಮೋಡವನ್ನು ಬೈದು ಪ್ರಯೋಜನವಿಲ್ಲ.

ಊರಿನ ಎತ್ತರದ ಬಗ್ಗೆಯೂ ಒಂದು ಮಾತು ಹೇಳಬೇಕು. ಹಾಸನ ಸಮುದ್ರಮಟ್ಟಕ್ಕಿಂತ ಸಾವಿರ ಮೀಟರಿಗೆ ತುಸು ಕಡಿಮೆ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಗಾಳಿ ಶೇಕಡಾ 10ರಷ್ಟು ತೆಳು. ಬ್ಲೋವರ್ ಅಷ್ಟೇ ಸುತ್ತು ತಿರುಗಿದರೂ ತಳ್ಳುವ ಗಾಳಿಯ ತೂಕ ಅಷ್ಟು ಕಡಿಮೆ. ಕರಾವಳಿಗೆ ಹತ್ತಿರದ ಊರಿನಲ್ಲಿ ಟ್ರಯಲ್ ಕಂಡ ವೇಗವನ್ನೇ ಇಲ್ಲಿಯೂ ಬರೆದುಕೊಡಿ ಎಂದು ಯಂತ್ರ ಮಾರುವವರನ್ನು ಕೇಳುವ ಮುಂಚೆ ಇದು ಗೊತ್ತಿರಬೇಕು. ಆದರೆ ಎತ್ತರ ವರ್ಷವಿಡೀ ಒಂದೇ, ಹಾಗಾಗಿ ಮಳೆಗಾಲದ ಕುಸಿತಕ್ಕೆ ಅದೂ ಕಾರಣವಲ್ಲ.

ಮಳೆ ಒಳಗೆ ಬಂದದ್ದು ಎಲ್ಲಿಂದ

ಹೀಟರಿನ ಲಾಗ್‌ಬುಕ್‌ನಲ್ಲಿ ಉತ್ತರ ಇತ್ತು. ಜನವರಿಯಲ್ಲಿ 250 ಡಿಗ್ರಿಗೆ ಹೊರಡುತ್ತಿದ್ದ ಎಣ್ಣೆ ಜುಲೈಯಲ್ಲಿ 235ನ್ನು ದಾಟುತ್ತಿಲ್ಲ. ಬ್ರಿಕೆಟ್ ಇಟ್ಟ ಶೆಡ್ಡಿಗೆ ಮೇಲೆ ತಗಡು ಇದೆ, ಪಕ್ಕಕ್ಕೆ ಗೋಡೆ ಇಲ್ಲ. ಸಕಲೇಶಪುರದ ಕಡೆಯಿಂದ ಬೀಸುವ ಇರಚಲು ನೇರ ರಾಶಿಯ ಮೇಲೆಯೇ ಬೀಳುತ್ತದೆ. ಹೊಟ್ಟಿನ ಬ್ರಿಕೆಟ್ ನೀರು ಕುಡಿದರೆ ಉಬ್ಬಿ, ಬಿರುಕು ಬಿಟ್ಟು, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತದೆ. ಆ ಪುಡಿ ಉರಿಯ ಕೆಳಗಿನ ಕಬ್ಬಿಣದ ಜಾಲರಿಯಾದ ಗ್ರೇಟಿನ ಸಂದಿಗಳಲ್ಲಿ ಕೂತು ಗಾಳಿ ಕಟ್ಟುತ್ತದೆ. ಉಳಿದ ಉರಿಯ ಒಂದು ಪಾಲು ಉರುವಲಿನ ನೀರನ್ನೇ ಆವಿ ಮಾಡುವುದಕ್ಕೆ ಹೋಗುತ್ತದೆ.

ಎಣ್ಣೆಯ 15 ಡಿಗ್ರಿ ಸಣ್ಣದೆನಿಸಬಹುದು. ಎಣ್ಣೆಯ ಬಿಸಿಯನ್ನು ಚೇಂಬರ್ ಗಾಳಿಗೆ ದಾಟಿಸುವ ರೇಡಿಯೇಟರ್ ಕೊಡುವ ಶಾಖ ಎಣ್ಣೆಗೂ ಚೇಂಬರ್ ಗಾಳಿಗೂ ಇರುವ ಅಂತರಕ್ಕೆ ತಕ್ಕಂತೆ. 250 ಮತ್ತು 140ರ ನಡುವೆ 110, 235 ಮತ್ತು 140ರ ನಡುವೆ 95. ಶಾಖ ಕೊಡುವ ಶಕ್ತಿಯಲ್ಲಿ ಶೇಕಡಾ 14 ಅಲ್ಲೇ ಹೋಯಿತು. ಅದರ ಹೊಡೆತ ಮೊದಲು ಬೀಳುವುದು ಅತಿ ಹೆಚ್ಚು ನೀರು ಹೊರಡುವ ಚೇಂಬರುಗಳ ಮೇಲೆ. 140ಕ್ಕೆ ಸೆಟ್ ಮಾಡಿದ್ದರೂ ಒಂದನೆಯದು 122, ಎರಡನೆಯದು 131 ತೋರಿಸುತ್ತಿತ್ತು.

ಶೆಡ್ಡಿಗೆ ಗಾಳಿ ಬೀಸುವ ಎರಡು ಬದಿ ತಗಡು ಹೊಡೆಸಿ, ನೆಲದಿಂದ ಒಂದು ಅಡಿ ಎತ್ತರಕ್ಕೆ ಮರದ ಪ್ಯಾಲೆಟ್ ಹಾಕಿ, ಮೊದಲು ಬಂದ ರಾಶಿ ಮೊದಲು ಉರಿಯುವಂತೆ ಎರಡು ಭಾಗ ಮಾಡಿದರೆ ಈ ತೊಂದರೆಯ ಬಹುಪಾಲು ತೀರುತ್ತದೆ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಜನವರಿಯ 46 ವಾಪಸ್ ಬರುತ್ತದೆಯೇ ಹೊರತು ಅದಕ್ಕಿಂತ ಮೇಲೆ ಹೋಗುವುದಿಲ್ಲ. ಜನವರಿಯಲ್ಲೂ ಈ ಯಂತ್ರ ಚೆನ್ನಾಗಿ ಓಡುತ್ತಿರಲಿಲ್ಲ.

ಹಿಂಡುವ ಜಾಗ

ನೀರನ್ನು ರೋಲರ್ ಹಿಂಡಿ ತೆಗೆಯುವ ಖರ್ಚು ಬೆಂಕಿ ಆವಿ ಮಾಡುವ ಖರ್ಚಿನ ಒಂದು ಸಣ್ಣ ಪಾಲು. ಆದ್ದರಿಂದ ಚೇಂಬರಿನ ಬಾಗಿಲು ತೆಗೆಯುವ ಮೊದಲು ಪ್ಯಾಡರ್ ನೋಡಬೇಕು.

ಲಾಟ್ ಮುಗಿಯುವಾಗ ಪ್ಯಾಡರಿಗೂ ಪಿನ್ನಿಗೂ ನಡುವಿನ ಬಟ್ಟೆಯಿಂದ ಎಡ, ನಡು, ಬಲ ಮೂರು ಕಡೆ 20 ಸೆಂಟಿಮೀಟರ್ ಚೌಕದ ತುಂಡು ಕತ್ತರಿಸಿ ತಕ್ಷಣ ಜಿಪ್ ಚೀಲಕ್ಕೆ ಹಾಕಬೇಕು. ಅರ್ಧ ನಿಮಿಷ ಹೊರಗಿಟ್ಟರೂ ಲೆಕ್ಕ ಕೆಡುತ್ತದೆ. ಚೀಲದ ಸಮೇತ ತೂಗಿ ಚೀಲದ ತೂಕ ಕಳೆದು, ಆಮೇಲೆ 105 ಡಿಗ್ರಿ ಓವನ್ನಿನಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. ಇಲ್ಲಿ ಒಣ ತೂಕ ಮೂರರದ್ದೂ 5.6 ಗ್ರಾಂ. ಒದ್ದೆ ತೂಕ ಎಡಕ್ಕೆ 9.63, ನಡುವೆ 10.08, ಬಲಕ್ಕೆ 9.69. ಒಣ ಬಟ್ಟೆಯ ಮೇಲೆ ಲೆಕ್ಕ ಹಾಕಿದರೆ ನೀರು ಶೇಕಡಾ 72, 80, 73. ಸರಾಸರಿ 75.

ಸರಾಸರಿಗಿಂತ ನಡುವಿನ 80 ಮುಖ್ಯ. ಯಂತ್ರದ ವೇಗ ನಿರ್ಧಾರವಾಗುವುದು ಅತಿ ಒದ್ದೆಯ ಜಾಗದಿಂದ. ನಡು ಒಣಗುವವರೆಗೆ ಕಾದರೆ ಅಂಚು ಅಷ್ಟು ಹೊತ್ತಿಗೆ ಬೇಯುತ್ತದೆ.

ನಡು ಯಾಕೆ ಒದ್ದೆ? ರೋಲರನ್ನು ಒತ್ತುವುದು ಎರಡು ತುದಿಗಳಲ್ಲಿ. ಒತ್ತಿದಾಗ ಶಾಫ್ಟ್ ಬಾಗಿ ನಡುವಿನ ಹಿಡಿತ ಸಡಿಲಾಗುತ್ತದೆ. ಅದಕ್ಕೇ ರೋಲರಿನ ನಡುವನ್ನು ಕೂದಲೆಳೆಯಷ್ಟು ದಪ್ಪ ಮಾಡಿ, ಹೊಟ್ಟೆ ಇಟ್ಟು ಗ್ರೈಂಡ್ ಮಾಡಿರುತ್ತಾರೆ. ಆ ಹೊಟ್ಟೆ ಒಂದು ಒತ್ತಡಕ್ಕೆ ಮಾತ್ರ ಸರಿಹೊಂದುತ್ತದೆ. ವರ್ಷಗಟ್ಟಲೆ ಓಡಿ ರಬ್ಬರ್ ಸವೆದಾಗ ಹೊಟ್ಟೆ ಹೋಗಿರುತ್ತದೆ, ಬಟ್ಟೆ ಒದ್ದೆಯಾಗಿ ಬರುತ್ತದೆ, ಆಪರೇಟರ್ ಒತ್ತಡ ಏರಿಸುತ್ತಾನೆ. ಶಾಫ್ಟ್ ಇನ್ನೂ ಬಾಗಿ ನಡು ಇನ್ನಷ್ಟು ಒದ್ದೆಯಾಗುತ್ತದೆ. ಒಳ್ಳೆಯ ಉದ್ದೇಶದಿಂದ ತಿರುಗಿಸಿದ ವಾಲ್ವ್ ಕೆಲಸ ಕೆಡಿಸುವುದು ಹೀಗೆ. ಇದನ್ನು ಕಣ್ಣಿಗೆ ಕಾಣಿಸುವುದು ಸುಲಭ: ಯಂತ್ರ ನಿಲ್ಲಿಸಿ, ಒಣ ರೋಲರುಗಳ ನಡುವೆ ಅಗಲಕ್ಕೂ ಬಿಳಿ ಹಾಳೆ ಮತ್ತು ಕಾರ್ಬನ್ ಹಾಳೆ ಇಟ್ಟು, ಎಂದಿನ ಒತ್ತಡ ಕೊಟ್ಟು ತೆಗೆಯಿರಿ. ಅಚ್ಚು ತುದಿಗಳಲ್ಲಿ ಅಗಲವಾಗಿ, ನಡುವೆ ಸಣ್ಣಗೆ ಮೂಡಿದ್ದರೆ ಹೊಟ್ಟೆ ಸಾಲದು.

ರೋಲರ್ ಗ್ರೈಂಡಿಂಗಿಗೆ ಕಳಿಸುವಾಗ "ಸಾಪಾಟು ಮಾಡಿ ಕೊಡಿ" ಎಂದು ಹೇಳಿ ಕಳಿಸಿದರೆ ನೇರ ಸಿಲಿಂಡರ್ ಆಗಿ ಬರುತ್ತದೆ, ದುಡ್ಡು ದಂಡ. ಯಾವ ಒತ್ತಡದಲ್ಲಿ ಓಡಿಸುತ್ತೀರಿ, ರಬ್ಬರಿನ ಗಡಸು ಎಷ್ಟು, ಶಾಫ್ಟಿನ ವ್ಯಾಸ ಮತ್ತು ಉದ್ದ ಎಷ್ಟು ಎಂದು ಬರೆದು ಕಳಿಸಬೇಕು. ಗ್ರೈಂಡ್ ಆಗಿ ಬಂದ ಮೇಲೆ ಇಲ್ಲಿ ಎಡ, ನಡು, ಬಲದಲ್ಲಿ ನೀರು ಶೇಕಡಾ 64, 64, 63ಕ್ಕೆ ಬಂತು.

ಇನ್ನೊಂದು ಮರೆಯಬಾರದ ಕೆಲಸ ಇದೆ. ಹಿಂಡು ಹೆಚ್ಚಾದರೆ ಬಟ್ಟೆಯ ಜತೆ ಹೋಗುವ ಸಾಫ್ಟ್‌ನರ್ ಕೂಡ ಕಡಿಮೆಯಾಗುತ್ತದೆ. ಒಳಬರುವ ಬಟ್ಟೆಯಲ್ಲೇ ಶೇಕಡಾ 7 ತೇವ ಇರುವುದರಿಂದ ಮೊದಲು ಅದು ಎತ್ತಿಕೊಳ್ಳುತ್ತಿದ್ದ ದ್ರಾವಣ 68, ಈಗ 57. ಲೀಟರಿಗೆ 20 ಗ್ರಾಂ ಇದ್ದ ಸಾಫ್ಟ್‌ನರನ್ನು 24 ಗ್ರಾಂ ಮಾಡಿದರೆ ಬಟ್ಟೆಗೆ ಮೊದಲಿನಷ್ಟೇ ಸಿಗುತ್ತದೆ. ಇದನ್ನು ಮಾಡದೆ ಬಿಟ್ಟರೆ ವಾರದೊಳಗೆ "ಬಟ್ಟೆ ಒರಟು" ಎಂಬ ದೂರು ಬರುತ್ತದೆ, ಹಿಂಡಿದ್ದೇ ತಪ್ಪು ಎಂದು ತೀರ್ಮಾನವಾಗಿ ಎಲ್ಲ ಹಳೆಯದಕ್ಕೇ ಮರಳುತ್ತದೆ.

ಬಟ್ಟೆಯ ನೀರನ್ನು ಸೀಳಿನ ಮೂಲಕ ಹೀರಿ ತೆಗೆಯುವ ವ್ಯಾಕ್ಯೂಮ್ ಸ್ಲಾಟ್ ಹಾಕಿ ಇನ್ನೂ ಇಳಿಸಬಹುದಿತ್ತು. ಆದರೆ ಅದರ ಪಂಪ್ ತಿನ್ನುವ ಕರೆಂಟು, ಹೀರಿದ ನೀರಿನ ಜತೆ ಬರುವ ಲಿಂಟ್ (ಹತ್ತಿಯ ನವಿರು ಎಳೆ) ಎಲ್ಲ ಸೇರಿಸಿದರೆ ಈ ಹಗುರ ಬಟ್ಟೆಗೆ ಅದು ಅಗತ್ಯವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಚಿಮಣಿಯಿಂದ ಹೋಗುವ ಬಿಸಿ

40 ಮೀಟರ್ ವೇಗದಲ್ಲಿ ಗಂಟೆಗೆ 538 ಕೆಜಿ ಒಣ ಬಟ್ಟೆ. ಅದರ ತೇವ ಒಳಗೆ ಬರುವಾಗ 75, ಹೊರಗೆ ಹೋಗುವಾಗ 4 ಶೇಕಡಾ. ಗಂಟೆಗೆ 382 ಕೆಜಿ ನೀರು ಆವಿಯಾಗುತ್ತಿತ್ತು. ಅದಕ್ಕೆ ಬೇಕಾದ ಶಾಖ ಸುಮಾರು 280 ಕಿಲೋವ್ಯಾಟ್. ಗೋಡೆ, ಚೈನು, ಬಟ್ಟೆ ಎಲ್ಲ ಸೇರಿ 60 ಎನ್ನೋಣ. ಎಕ್ಸಾಸ್ಟಿನಲ್ಲಿ ಹೋಗುವ ಗಾಳಿಯನ್ನು 24 ಡಿಗ್ರಿಯಿಂದ ಕಾಯಿಸುವುದಕ್ಕೆ ಸುಮಾರು 400. ಒಟ್ಟು 740ರಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ಗಾಳಿಗೆ. ಗಂಟೆಗೆ 12,300 ಕೆಜಿ ಗಾಳಿ, ಆ ಬಿಸಿಯಲ್ಲಿ 17,000 ಘನ ಮೀಟರಿನಷ್ಟು, ಮೋಡಕ್ಕೆ ಹೋಗುತ್ತಿತ್ತು.

ಈ ಗಾಳಿ ಎಷ್ಟು ಆವಿ ಹೊತ್ತಿದೆ ಎಂದು ಅಳೆಯಲು ದುಬಾರಿ ಮೀಟರೇ ಬೇಕೆಂದಿಲ್ಲ. ತಾಪ ಅಳೆಯುವ ತಂತಿಯಾದ ತೆಳು ಥರ್ಮೋಕಪಲ್ಲಿನ ತುದಿಗೆ ತೊಳೆದ ಹತ್ತಿ ಬಟ್ಟೆಯನ್ನು ನಾಲ್ಕು ಸುತ್ತು ಸುತ್ತಿ, ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ಎಕ್ಸಾಸ್ಟ್ ಡಕ್ಟಿನ ರಂಧ್ರದಲ್ಲಿ ಇಳಿಸಿ ಡಿಸ್‌ಪ್ಲೇ ನೋಡುತ್ತಿರಿ. ಅಂಕಿ ಬೇಗ ಏರುತ್ತದೆ, 49ರ ಹತ್ತಿರ ಬಂದು ನಿಲ್ಲುತ್ತದೆ, ಅಲ್ಲೇ ಸ್ವಲ್ಪ ಹೊತ್ತು ಅಲ್ಲಾಡದೆ ಇರುತ್ತದೆ. ಬತ್ತಿಯ ನೀರು ಮುಗಿದದ್ದೇ ಮತ್ತೆ ಮೇಲಕ್ಕೆ ಓಡುತ್ತದೆ. ನಿಂತ ಅಂಕಿಯೇ ತೇವಬಲ್ಬ್. ಬಟ್ಟೆ ಚೇಂಬರಿನೊಳಗೆ ಅನುಭವಿಸುವುದನ್ನೇ ಆ ಬತ್ತಿ ನಿಮ್ಮ ಕಣ್ಣೆದುರು ಮಾಡಿ ತೋರಿಸುತ್ತದೆ. ಮೂರು ಸಲ ಮಾಡಿ, ಎರಡು ಹೊಂದಿದರೆ ಬರೆದುಕೊಳ್ಳಿ.

ಸ್ಟೆಂಟರಿನ ಎಕ್ಸಾಸ್ಟಿನಲ್ಲಿ ಕೆಜಿ ಒಣಗಾಳಿಗೆ 100ರಿಂದ 150 ಗ್ರಾಂ ಆವಿ ಇರುವುದು ಒಳ್ಳೆಯ ಮಟ್ಟ. ಇಲ್ಲಿನ 50 ಅದರ ಅರ್ಧ. ನೂರಕ್ಕೆ ಏರಿಸಿದರೆ ತೇವಬಲ್ಬ್ 56ಕ್ಕೆ ಹೋಗಿ ಒಣಗಿಸುವ ಬಲ ಶೇಕಡಾ 8ರಷ್ಟು ಇಳಿಯುತ್ತದೆ, ನಿಜ. ಆದರೆ ಹಿಂಡಿನಲ್ಲಿ ಮತ್ತು ಅತಿ ಒಣಗಿಸದೆ ಉಳಿಸಿದ ನೀರು ಶೇಕಡಾ 20. ಇದೇ ಕಾರಣಕ್ಕೆ ಪ್ಯಾಡರ್ ಮೊದಲು, ಎಕ್ಸಾಸ್ಟ್ ಆಮೇಲೆ. ಪ್ಯಾಡರ್ ಹಾಗೇ ಇಟ್ಟು ಎಕ್ಸಾಸ್ಟ್ ಮುಚ್ಚಿದವರಿಗೆ ವೇಗ ಇಳಿದದ್ದು ಮಾತ್ರ ಕಾಣುತ್ತದೆ.

ಎರಡು ಎಕ್ಸಾಸ್ಟ್ ಫ್ಯಾನುಗಳಲ್ಲಿ ಒಂದು ಪ್ರವೇಶದ ಕಡೆ, ಇನ್ನೊಂದು ಹೊರಹೋಗುವ ಕಡೆ. ಎರಡನೆಯದು ಎಳೆಯುತ್ತಿದ್ದುದು ಕೊನೆಯ ಚೇಂಬರಿನ ಗಾಳಿ. ಅಲ್ಲಿ ಆವಿ ಹೆಚ್ಚು ಇರುವುದಿಲ್ಲ, ಬಿಸಿ ಮಾತ್ರ ಇರುತ್ತದೆ. ಎರಡಕ್ಕೂ ಮೋಟರಿನ ವೇಗ ಹೊಂದಿಸುವ ವಿಎಫ್‌ಡಿ ಹಾಕಿ, ಹೊರಹೋಗುವ ಕಡೆಯದನ್ನು 15 ಹರ್ಟ್ಸಿಗೆ ಇಳಿಸಿ, ಪ್ರವೇಶದ ಕಡೆಯದನ್ನು ಹಂತಹಂತವಾಗಿ 29ಕ್ಕೆ ತಂದದ್ದಾಯಿತು. ಒಂದೊಂದು ಹಂತಕ್ಕೂ 20 ನಿಮಿಷ ಕಾದು ಬತ್ತಿ ಇಳಿಸಿ ನೋಡಬೇಕು: 49, 51, 53, 55. ಫ್ಯಾನಿನ ವಿದ್ಯುತ್ ವೇಗದ ಘನಕ್ಕೆ ತಕ್ಕಂತೆ ಇಳಿಯುವುದರಿಂದ ಅಲ್ಲೂ ಉಳಿತಾಯ ಬಂತು. ಬಟ್ಟೆ ಒಳಹೋಗುವ ಸಂದಿಯಲ್ಲಿ ಗಾಳಿ ತುಸುವೇ ಒಳಕ್ಕೆ ಎಳೆಯುತ್ತಿರಬೇಕು. ಅದನ್ನು ನೋಡಲು ಕೆಲವರು ಊದುಬತ್ತಿ ಹಿಡಿಯುತ್ತಾರೆ. ಲಿಂಟ್ ಹಾರುವ ಜಾಗದಲ್ಲಿ ಕೆಂಡ ಬೇಡವೇ ಬೇಡ, ಕಡ್ಡಿಗೆ ಕಟ್ಟಿದ ಒಂದು ನೂಲೆಳೆ ಸಾಕು.

ನೂರಕ್ಕೆ ಗುರಿಯಿಟ್ಟರೂ 90 ಗ್ರಾಂಗೆ ನಿಲ್ಲಿಸಿದ್ದಕ್ಕೆ ಕಾರಣ ಡಕ್ಟ್. 100 ಗ್ರಾಂ ಆವಿಯಿರುವ ಗಾಳಿ 50 ಡಿಗ್ರಿಗಿಂತ ತಣ್ಣಗಿನ ತಗಡನ್ನು ಮುಟ್ಟಿದರೆ ನೀರಾಗುತ್ತದೆ. ಛಾವಣಿಯ ಮೇಲೆ ಮಳೆಗೆ ಬಿದ್ದ ಬರಿ ತಗಡಿನ ಡಕ್ಟ್ ಅಷ್ಟು ತಣ್ಣಗಾಗುತ್ತದೆ. ಒಳಗೆ ಕೂಡಿದ ನೀರು ಸಾಫ್ಟ್‌ನರಿನ ಜಿಡ್ಡನ್ನು ಕರಗಿಸಿಕೊಂಡು ವಾಪಸ್ ಇಳಿದು, ಬಟ್ಟೆಯ ಮೇಲೆ ಕಂದು ಹನಿಯಾಗಿ ಬೀಳುತ್ತದೆ. ಒಂದು ಹನಿಗೆ ಒಂದು ಥಾನು ರಿಜೆಕ್ಟ್. ಡಕ್ಟಿಗೆ 50 ಮಿಲಿಮೀಟರ್ ರಾಕ್‌ವೂಲ್ ಸುತ್ತಿ ಮೇಲೆ ಅಲ್ಯೂಮಿನಿಯಂ ಹೊದಿಸಿ, ಅತಿ ಕೆಳಗಿನ ಬಾಗಿನಲ್ಲಿ ನೀರು ಹೊರಹೋಗಲು ಕೊಳವೆ ಇಡುವವರೆಗೆ ಇನ್ನೂ ಮೇಲೆ ಹೋಗುವುದು ಬೇಡ.

ಎಚ್ಚರಿಕೆ ಒಂದು: ಇದು ಥರ್ಮಿಕ್ ಎಣ್ಣೆಯ ಯಂತ್ರ. ಚೇಂಬರಿನೊಳಗೇ ಗ್ಯಾಸ್ ಉರಿಯುವ ಯಂತ್ರದಲ್ಲಿ, ಅಥವಾ ಹೊಗೆ ಬಿಡುವ ಪಾಲಿಯೆಸ್ಟರ್ ಹೀಟ್‌ಸೆಟ್ಟಿಂಗಿನಲ್ಲಿ ಎಕ್ಸಾಸ್ಟನ್ನು ಹೀಗೆ ಇಳಿಸಕೂಡದು. ಅಲ್ಲಿ ಕನಿಷ್ಠ ಗಾಳಿ ಸುರಕ್ಷತೆಯ ವಿಷಯ.

ಫಿಲ್ಟರ್ ಮತ್ತು ಆಂಪಿಯರ್

ಲಿಂಟ್ ಫಿಲ್ಟರುಗಳನ್ನು ಶಿಫ್ಟಿಗೆ ಒಮ್ಮೆ ತೆಗೆಯುತ್ತಿದ್ದರು. ಈ ಬಟ್ಟೆಗೆ ಎರಡು ಗಂಟೆಗೊಮ್ಮೆ ಬೇಕು. ಸರ್ಕ್ಯುಲೇಶನ್ ಬ್ಲೋವರಿನ ಆಂಪಿಯರ್ ಫಿಲ್ಟರ್ ಶುದ್ಧವಿದ್ದಾಗ 12.5, ಕಟ್ಟಿಕೊಂಡಾಗ 10.2. ಆಂಪಿಯರ್ ಇಳಿದರೆ ಮೋಟರ್ ಹಗುರವಾಗಿ ಓಡುತ್ತಿದೆ ಎಂದು ಸಂತೋಷಪಡುವವರಿದ್ದಾರೆ. ಇಳಿದದ್ದು ಗಾಳಿ. ಪ್ಯಾನೆಲಿನ ಮೇಲೆ 11.5ಕ್ಕೆ ಒಂದು ಕೆಂಪು ಗೆರೆ ಎಳೆದು, ಅದಕ್ಕಿಂತ ಕೆಳಗೆ ಹೋದರೆ ಫಿಲ್ಟರ್ ತೆಗೆಯಿರಿ ಎಂದು ಹೇಳಿದರೆ ಗಡಿಯಾರ ನೋಡುವ ಅಗತ್ಯವೂ ಇಲ್ಲ. ಬಟ್ಟೆಯ ಮೇಲೆ ಗಾಳಿ ಊದುವ ನಾಜಲುಗಳ ತೂತು ಶುಚಿ ಮಾಡುವುದು ತಿಂಗಳಿಗೊಮ್ಮೆ.

ಬೂಷ್ಟಿನ ಭಯ

ಹೊರಬರುವ ಬಟ್ಟೆಯ ತೇವ ಅಂಚಿನಲ್ಲಿ ಶೇಕಡಾ 3, ನಡುವೆ 5 ಅಥವಾ 6. ಹತ್ತಿ 65 ಶೇಕಡಾ ಆರ್ದ್ರತೆಯ ಗಾಳಿಯಲ್ಲಿ ತಾನಾಗಿ ಇಟ್ಟುಕೊಳ್ಳುವ ತೇವ 7ರಿಂದ 8. ಹಾಗಿದ್ದೂ 3ಕ್ಕೆ ಒಣಗಿಸುವುದು ಯಾಕೆ ಎಂದರೆ, ಮಳೆಗಾಲದಲ್ಲಿ ಗೋದಾಮಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಮುಗ್ಗಲು ವಾಸನೆ ಬರುತ್ತದೆ ಎಂಬ ಭಯ. ಭಯ ನಿಜವಾದದ್ದೇ, ಮದ್ದು ತಪ್ಪು. 90 ಶೇಕಡಾ ಆರ್ದ್ರತೆಯ ಗೋದಾಮಿನಲ್ಲಿ 3ಕ್ಕೆ ಒಣಗಿದ ಬಟ್ಟೆಯೂ 7ಕ್ಕೆ ಒಣಗಿದ ಬಟ್ಟೆಯೂ ಕೆಲವು ದಿನಗಳಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ಒಣಗಿಸಲು ಸುಟ್ಟ ಬ್ರಿಕೆಟ್ ಮಾತ್ರ ವಾಪಸ್ ಬರುವುದಿಲ್ಲ. ಜತೆಗೆ ಅತಿ ಒಣಗಿದ ಅಂಚು ಒರಟಾಗುತ್ತದೆ, ತಿಳಿ ಬಣ್ಣಗಳಲ್ಲಿ ಹಳದಿ ಛಾಯೆ ಬರುತ್ತದೆ. ಬೂಷ್ಟನ್ನು ತಡೆಯಬೇಕಾದ ಜಾಗ ಗೋದಾಮು: ಬಟ್ಟೆಯನ್ನು ಕೂಲಿಂಗ್ ರೋಲರಿನ ಮೇಲೆ ತಣಿಸಿಯೇ ಸುತ್ತುವುದು, ಅದೇ ಗಂಟೆಯಲ್ಲಿ ಪಾಲಿಥೀನ್ ಹೊದಿಸುವುದು, ಗೋದಾಮಿನ ಆರ್ದ್ರತೆಯನ್ನು 65ರ ಆಸುಪಾಸಿನಲ್ಲಿ ಇಡುವುದು. ಬಿಸಿಬಿಸಿ ಬಟ್ಟೆಗೆ ಪಾಲಿಥೀನ್ ಹಾಕಿದರೆ ಒಳಗೇ ಬೆವರುತ್ತದೆ.

ಬಟ್ಟೆ ಎಲ್ಲಿ ಒಣಗಿ ಮುಗಿಯುತ್ತದೆ ಎಂದು ತಿಳಿಯಲು 3 ಮತ್ತು 4, 4 ಮತ್ತು 5ನೇ ಚೇಂಬರುಗಳ ಜೋಡಣೆಯಲ್ಲಿ ಇನ್‌ಫ್ರಾರೆಡ್ ಸೆನ್ಸರ್ ಕೂರಿಸಿದರೆ ಚಿತ್ರ ಸ್ಪಷ್ಟ. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಗನ್ನನ್ನು ನೋಡುಕಿಟಕಿಯ ಗಾಜಿನ ಮೂಲಕ ಹಿಡಿದರೆ ಅದು ಗಾಜಿನ ತಾಪವನ್ನೇ ಹೇಳುತ್ತದೆ. ಮೊದಲು 4ನೇ ಚೇಂಬರ್ ಮುಗಿಯುವಲ್ಲಿ ಅಂಚು 112 ಡಿಗ್ರಿ, ನಡು 74. ಅಂಚಿನ ಮಟ್ಟಿಗೆ ಐದನೇ ಚೇಂಬರ್ ಬರೀ ದಂಡ. ರೋಲರ್ ಸರಿಯಾದ ಮೇಲೆ ಅದೇ ಜಾಗದಲ್ಲಿ ಅಗಲಕ್ಕೂ 72ರಿಂದ 75, ಹೊರಬರುವಾಗ ತೇವ 6.5ರಿಂದ 7.5.

ಬಂದ ಫಲ

ಲೆಕ್ಕದ ಪ್ರಕಾರ ವೇಗ 52ಕ್ಕೆ ಹೋಗಬೇಕಿತ್ತು. 50ರ ಮೇಲೆ ಅಂಚು ಪಿನ್ನಿಗೆ ಸರಿಯಾಗಿ ಸಿಗದೆ ಕಳಚುವುದರಿಂದ ಅಲ್ಲಿಗೇ ನಿಂತಿತು. ಗಂಟೆಗೆ 672 ಕೆಜಿ ಬಟ್ಟೆ, ಆವಿಯಾಗುವ ನೀರು 383 ಕೆಜಿ. ಮೊದಲಿನಷ್ಟೇ ನೀರು, ಕಾಲು ಪಾಲು ಹೆಚ್ಚು ಬಟ್ಟೆ. ಶಾಖದ ಬೇಡಿಕೆ 740ರಿಂದ 524 ಕಿಲೋವ್ಯಾಟಿಗೆ ಇಳಿಯಿತು. ಕೆಜಿ ಬಟ್ಟೆಗೆ ಸುಮಾರು 1.4 ಯೂನಿಟ್ ಶಾಖ ಇದ್ದದ್ದು 0.78. ಬ್ರಿಕೆಟ್ ಕೆಜಿಗೆ 4,000 ಕಿಲೋಕ್ಯಾಲರಿ, ಹೀಟರಿನ ದಕ್ಷತೆ ಶೇಕಡಾ 70 ಎಂದು ಹಿಡಿದರೆ 100 ಕೆಜಿ ಬಟ್ಟೆಗೆ 42 ಕೆಜಿ ಸುಡುತ್ತಿದ್ದದ್ದು 24ಕ್ಕೆ ಬಂತು. ಬೇಡಿಕೆ ಇಷ್ಟು ಇಳಿದದ್ದರಿಂದ ಎಣ್ಣೆ ಯಾವುದೋ ದಿನ 235ಕ್ಕೇ ನಿಂತರೂ ಮೊದಲ ಚೇಂಬರ್ 138 ಬಿಟ್ಟು ಇಳಿಯುವುದಿಲ್ಲ.

ಎಕ್ಸಾಸ್ಟಿನ ಬಿಸಿಯಿಂದ ನೀರು ಕಾಯಿಸುವ ಹೀಟ್ ಎಕ್ಸ್‌ಚೇಂಜರ್ ಹಾಕಿಸುವ ಮಾತು ಮೊದಲೇ ಇತ್ತು. ಆಗಲೇ ಕೊಂಡಿದ್ದರೆ ಗಂಟೆಗೆ 12,300 ಕೆಜಿ ಗಾಳಿಗೆ ಕೊಳ್ಳಬೇಕಿತ್ತು. ಈಗ ಬೇಕಾದದ್ದು 5,400 ಕೆಜಿಯದು, ಗಾಳಿಯೂ ಹೆಚ್ಚು ಆವಿ ಹೊತ್ತದ್ದು. ಅದಕ್ಕೆ ಮುನ್ನ ಡಕ್ಟಿನ ಹೊದಿಕೆ ಮುಗಿಯಬೇಕು. 280 ಗ್ರಾಂ ತೂಕದ ಡ್ರಿಲ್ ಬಟ್ಟೆಗೆ ಈ ಯಾವ ಸೆಟ್ಟಿಂಗೂ ಹೊಂದುವುದಿಲ್ಲ. ಅದರ ದಾರದೊಳಗಿನ ನೀರು ಹೊರಬರಲು ಸಮಯ ಹೆಚ್ಚು ಬೇಕು, ಹಾಗಾಗಿ ಅದಕ್ಕೆ ಎಡ, ನಡು, ಬಲದ ತುಂಡುಗಳಿಂದಲೇ ಮತ್ತೆ ಶುರು ಮಾಡಬೇಕು.